ಲೆಗ್ ಸೈಡಿನಲ್ಲಿ ಆರು ಜನ

ರೂಬನ್‌ನ ಎಡಗೆನ್ನೆಗೆ ಬಂದಾಗ ಮಾತ್ರ ಕ್ಲೆಮ್‌ನ ಕೈ ನಿಧಾನವಾಗುತ್ತಿತ್ತು. ಬಲಗೆನ್ನೆಯ ಮೇಲೆ ಕ್ಷೌರದ ಕತ್ತಿ ತಾನಾಗಿಯೇ ಓಡುತ್ತಿತ್ತು. ಎಡಗಡೆ, ಕಿವಿಯ ಮೇಲೆ ಚೆಂಡಿನ ಏಟು ಬಿದ್ದು ಕೂದಲು ಇನ್ನೂ ಸರಿಯಾಗಿ ಬೆಳೆಯದ ಆ ಜಾಗ ಹತ್ತಿರವಾದಂತೆ ಅವನಿಗೆ ಉಸಿರು ಬಿಡುವುದೂ ತಪ್ಪೆನಿಸುತ್ತಿತ್ತು. ರೂಬನ್ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ, ಕೊರಳಿಗೆ ಟವೆಲ್ ಸುತ್ತಿಸಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ಕೂರಿಸಿದವನ ಹಾಗೆ ಕೂತಿದ್ದ. ಅವನ ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ತಾನು ನಡುಗುತ್ತಿತ್ತು. ತಗ್ಗು ಸುರಂಗದಲ್ಲಿ ಮಲಗಿಕೊಂಡೇ ಇಡೀ ಪಾಳಿ ಗುದ್ದಲಿ ಬೀಸಿ ಕಲ್ಲಿದ್ದಲು ಕೆಡವುತ್ತಿದ್ದ ಕೈ ಅದು. ಈಗ ಚಮಚ ಹಿಡಿದರೆ ಸಾರು ಬಾಯಿಗಿಂತ ಮೊದಲು ಅಂಗಿಗೆ ಸೇರುತ್ತದೆ. ಈ ಬೇಸಿಗೆಯಲ್ಲಿ ಸ್ಕೆಲ್ಬಿಯ ಗಣಿಗೆ ವಾರದಲ್ಲಿ ಮೂರೇ ದಿನ ಕೆಲಸ. ಇವತ್ತು ರಜೆ, ಹಾಗಾಗಿ ಕ್ಷೌರ. ಭಾವನಿಗೆ ಹೀಗೆ ಕ್ಷೌರ ಮಾಡುವುದು ಕ್ಲೆಮ್ ತಾನೇ ಕೇಳಿ ಹಾಕಿಕೊಂಡ ಕೆಲಸ. ಅಕ್ಕ ಏಡಾ ಅದನ್ನು ಒಳ್ಳೆಯತನವೆಂದು ತಿಳಿದಿದ್ದಳು, ಬೀದಿಯವರ ಮುಂದೆ ಹೇಳಿಕೊಂಡೂ ಇದ್ದಳು, ಮತ್ತು ಅವಳು ಹಾಗೆ ಹೇಳಿದಾಗಲೆಲ್ಲ ಕ್ಲೆಮ್‌ಗೆ ಎದ್ದು ಹಿತ್ತಲಿಗೆ ಹೋಗಬೇಕೆನಿಸುತ್ತಿತ್ತು.

"ಮಧ್ಯಾಹ್ನ ಕಮಿಟಿ ಮುಂದೆ ಹೋಗಿ ನೀನೇನೂ ಭಾಷಣ ಮಾಡ್ಬೇಡ" ಎಂದಳು ಏಡಾ, ಆಲೂಗಡ್ಡೆ ಹೆರೆಯುತ್ತ. "ನೋಡಿದ್ದನ್ನ ಹೇಳು, ಸಾಕು. ಆ ಹೊರೆಸ್ ಬೆಕ್ಸನ್ ಬೇಕು ಅಂತಲೇ ತಲೆಗೆ ಬಾಲ್ ಹಾಕಿದ ಅಂತ. ಅಷ್ಟು ಹತ್ರ ನಿಂತಿದ್ದೋನು ನೀನೊಬ್ಬನೇ ಅಲ್ವಾ?"

"ಆರು ಜನ ಇದ್ವಿ ಆ ಕಡೆ."

"ಆರು ಜನ ಇರಲಿ ಅರವತ್ತು ಜನ ಇರಲಿ, ನೀನು ಮನೆಯೋನು. ಅವನು ಅತ್ಲಾಗೆ ಜಿಲ್ಲೆಯ ಟೀಮಿಗೆ ಹೋಗಿ ಬಿಳೀ ಪ್ಯಾಂಟು ಹಾಕ್ಕೊಂಡು ಚಪ್ಪಾಳೆ ಗಿಟ್ಟಿಸೋದು, ಇತ್ಲಾಗೆ ಇವರು ಹೀಗೆ ಕೂತಿರೋದು. ಇದು ನ್ಯಾಯಾನಾ? ನೀನೇ ಹೇಳು."

ಕ್ಲೆಮ್ ಕತ್ತಿಯನ್ನು ಗಲ್ಲದ ಕೆಳಕ್ಕೆ ತಂದ. ಅಲ್ಲಿ ಕತ್ತಿ ಇದ್ದಾಗ ಮಾತಾಡಬಾರದೆಂಬ ನೆವ ಇತ್ತು. ಹೊರೆಸ್‌ಗೆ ಜಿಲ್ಲೆಯ ತಂಡದಿಂದ ಕರೆ ಬಂದದ್ದು ಊರಿಗೆಲ್ಲ ಗೊತ್ತಿತ್ತು. ಬೇಸಿಗೆ ಮುಗಿಯುವುದರೊಳಗೆ ಅಲ್ಲಿಯ ದೊಡ್ಡವರ ಮುಂದೆ ಬೌಲ್ ಮಾಡಿ ತೋರಿಸಬೇಕು, ಅವರು ಒಪ್ಪಿದರೆ ಮತ್ತೆ ಗಣಿಗೆ ಇಳಿಯುವ ಗೋಜೇ ಇಲ್ಲ. ಸ್ಕೆಲ್ಬಿಯಲ್ಲಿ ಹಾಗೆ ಮೇಲೆ ಹೋದವರು ಬೇರೆ ಯಾರೂ ಇರಲಿಲ್ಲ. ಆದರೆ ಊರ ಕ್ಲಬ್ಬಿನವರು ಒಳ್ಳೆಯ ಮಾತು ಹೇಳಿದರೆ ಮಾತ್ರ ಅದೆಲ್ಲ. ಇವತ್ತು ಕ್ಲಬ್ಬಿನ ಕಮಿಟಿ ಕೂರುವುದು ಅದಕ್ಕೇ. ಲಂಡನ್ನಿನ ದೊಡ್ಡ ಮನುಷ್ಯರು ಹೀಗೆ ಮೈಗೆ ಗುರಿಯಿಟ್ಟ ಬೌಲಿಂಗ್ ಆಟವೇ ಅಲ್ಲ, ನಿಲ್ಲಿಸಬೇಕು ಎಂದು ಮಾತಾಡತೊಡಗಿದ್ದಾರೆ. ಚಳಿಗಾಲವೆಲ್ಲ ಈ ಕ್ಲಬ್ಬಿನವರೇ ಪತ್ರಿಕೆ ಓದಿ ಕುಣಿದಿದ್ದರು. ಆಸ್ಟ್ರೇಲಿಯಾದಲ್ಲಿ ನಮ್ಮವರು ಲೆಗ್ ಸೈಡಿನಲ್ಲಿ ಆರು ಜನರನ್ನು ಬ್ಯಾಟಿಗೆ ಅಂಟಿಸಿ ನಿಲ್ಲಿಸಿ, ಚೆಂಡನ್ನು ಅರ್ಧದಲ್ಲೇ ನೆಲಕ್ಕೆ ಗುದ್ದಿ ಎದುರಿನವನ ಪಕ್ಕೆಗೂ ಗಂಟಲಿಗೂ ಏಳಿಸಿದ್ದರು. ತಪ್ಪಿಸಿಕೊಂಡರೆ ಮರ್ಯಾದೆ ಹೋಯಿತು, ಬ್ಯಾಟು ಅಡ್ಡ ಹಿಡಿದರೆ ಕ್ಯಾಚು ಹೋಯಿತು, ಎರಡೂ ಮಾಡದಿದ್ದರೆ ಮೂಳೆ ಹೋಯಿತು. ಹಾಗೆ ಬೌಲ್ ಮಾಡಿದವರು ನಮ್ಮ ಸೀಮೆಯ ಗಣಿಗಳಲ್ಲೇ ಬೆಳೆದವರು ಎಂದು ಹೆಂಡದಂಗಡಿಯಲ್ಲಿ ಎಷ್ಟು ಹೆಮ್ಮೆ. ಕ್ಲೆಮ್ ಕೂಡ ಅವರ ಆರೋಗ್ಯಕ್ಕೆಂದು ಕುಡಿದಿದ್ದ. ರೂಬನ್ ಎರಡು ಸಲ ಕುಡಿದಿದ್ದ.

ಏಡಾ ಸಿಪ್ಪೆಯನ್ನು ಎತ್ತಿಕೊಂಡು ಹಂದಿಗೆ ಹಾಕಲು ಹಿಂದಿನ ಓಣಿಗೆ ಹೋದಳು. ಅಲ್ಲಿ ಯಾರೋ ಸಿಕ್ಕರು, ಅವಳ ದನಿ ಏರಿತು, ಹೊರೆಸ್‌ನ ಹೆಸರು ಎರಡು ಸಲ ಕೇಳಿಸಿತು. ಈಚೆಗೆ ಆ ಹೆಸರು ಹೇಳುವಾಗಷ್ಟೇ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಕ್ಲೆಮ್ ಕತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಮತ್ತೆ ಅದ್ದಿದ. ಇವತ್ತು ಹೇಳದಿದ್ದರೆ ಮುಂದೆಂದೂ ಆಗುವುದಿಲ್ಲ ಎಂದು ರಾತ್ರಿಯೇ ತೀರ್ಮಾನಿಸಿದ್ದ, ಆದರೆ ತೀರ್ಮಾನ ಮಾಡಿದವನು ಬೇರೆ ಯಾರೋ ಎಂಬಂತೆ ಈಗ ಕತ್ತಿಯನ್ನು ಇನ್ನೊಮ್ಮೆ ಒರೆಸಿದ.

"ರೂಬ್, ಅವತ್ತು ನಾನು ಕೂಗಿದೆ ಕಣೋ."

ರೂಬನ್ ಕಿಟಕಿಯಾಚೆ ನೋಡುತ್ತಲೇ ಇದ್ದ.

"ಹೊರೆಸ್ ಭುಜ ಇಳಿಸಿದ್ದು ಕಂಡಿತು. ಮತ್ತೆ ಶಾರ್ಟ್ ಬಾಲ್ ಅಂತ ಗೊತ್ತಾಯ್ತು. ಬಾಯಿಂದ ಬಂದ್ಬಿಡ್ತು. ಬಗ್ಗು ಅಂದೆ."

ಬಗ್ಗು. ನೆಲದೊಳಗಿನ ಹಾದಿಯಲ್ಲಿ ದಿನಕ್ಕೆ ಎಷ್ಟು ಸಲ ಹೇಳುವ ಮಾತು ಅದು. ಪಂಜರದಂಥ ಲಿಫ್ಟು ಕೆಳಗಿಳಿಸಿದ ಮೇಲೆ ಕಲ್ಲಿದ್ದಲು ಕಡಿಯುವ ಜಾಗದವರೆಗೆ ಒಂದೂವರೆ ಮೈಲಿ ಸಾಲಾಗಿ ನಡೆಯಬೇಕು. ಚಾವಣಿಯ ತೊಲೆ ಎಲ್ಲಿ ಕುಸಿದು ತಗ್ಗಾಗಿದೆಯೋ ಅಲ್ಲಿ ಮುಂದಿನವನು ಬಗ್ಗು ಅನ್ನುತ್ತಾನೆ, ಹಿಂದಿನವನು ಬಗ್ಗುತ್ತಾನೆ. ನೋಡಿ ಬಗ್ಗುವುದಲ್ಲ. ನೋಡಲು ತಲೆ ಎತ್ತಿದವನ ಹಣೆ ಒಡೆದಿರುತ್ತದೆ. ಮಾತು ಕಿವಿಗೆ ಬಿತ್ತು ಅಂದರೆ ಬೆನ್ನು ಬಾಗಿರಬೇಕು, ನಡುವೆ ಯೋಚನೆಗೆ ಜಾಗವೇ ಇಲ್ಲ. ಕ್ಲೆಮ್ ಗಿಡ್ಡ, ರೂಬನ್ ಉದ್ದ. ಅದಕ್ಕೇ ಇಷ್ಟು ವರ್ಷ ಕ್ಲೆಮ್ ಮುಂದೆ, ರೂಬನ್ ಹಿಂದೆ. ಮದುವೆಗೂ ಮೊದಲಿನಿಂದ ಹಾಗೆ. ಏಡಾಳನ್ನು ರೂಬನ್‌ಗೆ ತೋರಿಸಿದ್ದೂ ಕ್ಲೆಮ್‌ನೇ, ಮದುವೆಯಾದ ಮೇಲೆ ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ ಉಳಿದವನೂ ಕ್ಲೆಮ್‌ನೇ. ಒಬ್ಬನನ್ನು ಮಾಡಿಕೊಂಡರೆ ಒಬ್ಬ ಉಚಿತ ಎಂದು ಏಡಾ ನಗಾಡುತ್ತಿದ್ದಳು. ಊರ ಹಬ್ಬದ ಶನಿವಾರ ಮದುವೆಯಾದವರಿಗೂ ಆಗದವರಿಗೂ ಪಂದ್ಯ. ಇಲ್ಲಿ ಅದು ಪಂದ್ಯವಲ್ಲ, ತಮಾಷೆ. ಗಂಡಂದಿರು ಸೋಲುತ್ತಾರೆ, ಹೆಂಡತಿಯರು ಹಂಗಿಸುತ್ತಾರೆ, ಪೀಪಾಯಿ ಖಾಲಿಯಾಗುತ್ತದೆ. ಈ ಸಲ ಆಗದವರ ಕ್ಯಾಪ್ಟನ್ ಗಣಿಯ ಮ್ಯಾನೇಜರರ ಮಗ, ಕಾಲೇಜಿನಿಂದ ಬಂದಿದ್ದ ಫೆನ್‌ವಿಕ್ ಸಾಹೇಬರು. ರೂಬನ್ ಬ್ಯಾಟು ಹಿಡಿದು ಬಂದು ನಿಂತಾಗ ಅವರು ಬಿಳಿ ತೋಳಿನ ಗುಂಡಿ ಹಾಕಿಕೊಳ್ಳುತ್ತ, ಆಸ್ಟ್ರೇಲಿಯಾದಲ್ಲಿ ಹೇಗೆ ಮಾಡಿದರು ನೋಡೋಣವೇ ಎಂದು ಒಬ್ಬೊಬ್ಬರನ್ನೇ ಕರೆದು ಲೆಗ್ ಸೈಡಿನಲ್ಲಿ ನಿಲ್ಲಿಸಿದರು. ಕ್ಲೆಮ್‌ನನ್ನು ಎಲ್ಲರಿಗಿಂತ ಹತ್ತಿರ. ಅಲ್ಲಿಂದ ರೂಬನ್‌ನ ಅಂಗಿಯ ಹೊಲಿಗೆ ಕಾಣುತ್ತಿತ್ತು, ಏಡಾ ಹಾಕಿದ ಹೊಲಿಗೆ. ಮೊದಲ ಚೆಂಡು ಟೋಪಿಯ ಮೇಲೆ ಸುಯ್ಯೆಂದು ಹೋಯಿತು. ರೂಬನ್ ಹಿಂದಕ್ಕೆ ಜಿಗಿದ ರೀತಿಗೆ ಜನ ನಕ್ಕರು, ಕ್ಲೆಮ್‌ನೂ ನಕ್ಕ. ಎರಡನೆಯದಕ್ಕೂ ನಕ್ಕ. ಆದರೆ ಆಗ ರೂಬನ್ ತನ್ನ ಕಡೆ ಒಮ್ಮೆ ನೋಡಿದ್ದ. ಕೆಳಗೆ ಚಾವಣಿ ಕಿರುಗುಟ್ಟಿದಾಗಲೂ ಅವನ ಮುಖದಲ್ಲಿ ಕಂಡಿರದ ಭಯ ಅದು, ಬಿಸಿಲಿನಲ್ಲಿ, ಬ್ಯಾಂಡು ಬಾರಿಸುತ್ತಿದ್ದ ಮಧ್ಯಾಹ್ನದಲ್ಲಿ, ಹುಡುಗಿಯರ ಮುಂದೆ. ತಾನು ಅವನನ್ನು ಹಿಡಿಯಲು ಅಂಗೈ ಬಿಚ್ಚಿ ಕುಕ್ಕರುಗಾಲಲ್ಲಿ ಕೂತಿದ್ದೇನೆ ಎಂದು ಕ್ಲೆಮ್‌ಗೆ ಆಗ ಅನ್ನಿಸಿತು. ಹೊರೆಸ್ ಮತ್ತೆ ಓಡಿ ಬಂದ. ಆ ಮೂರನೆಯ ಚೆಂಡು ಏಳಲೇ ಇಲ್ಲ. ಕುದುರೆಗಳು ಮೇಯ್ದ ಮೆತ್ತನೆ ಜಾಗಕ್ಕೆ ಬಿದ್ದು ಸೊಂಟದೆತ್ತರಕ್ಕೆ ಬಂತು. ಸುಮ್ಮನೆ ನಿಂತಿದ್ದರೆ ತೊಡೆಗೆ ಬಡಿದು ಒಂದು ವಾರ ಕುಂಟುತ್ತಿದ್ದ, ಅಷ್ಟೇ. ಅವನು ಬಗ್ಗಿದ್ದ, ಚೆಂಡು ಎಡಗಿವಿಯ ಮೇಲೆ ಬಡಿಯಿತು.

"ಗೊತ್ತು" ಎಂದ ರೂಬನ್.

ಈಗ ಅವನ ಮಾತು ಒಂದೊಂದಾಗಿ, ಹುಡುಕಿ ತಂದಂತೆ ಬರುತ್ತದೆ. ಕ್ಲೆಮ್ ಕತ್ತಿಯನ್ನು ಮೇಜಿನ ಮೇಲಿಟ್ಟ.

"ನಿನ್ ದನಿ. ಬೇರೆ ಯಾರೇ ಕೂಗಿದ್ರೂ... ಬಗ್ತಿರಲಿಲ್ಲ."

"ಏಡಾಗೆ ಹೇಳಿದ್ಯಾ?"

"ಇಲ್ಲ. ನೀನೂ ಹೇಳ್ಬೇಡ. ಅವಳಿಗೆ... ಇರೋನು ನೀನೊಬ್ಬ. ನಾನಿನ್ನು ಲೆಕ್ಕಕ್ಕಿಲ್ಲ. ನಿನ್ನನ್ನ ಹೊರಗೆ ಹಾಕಿದ್ರೆ... ಅನ್ನ ಹಾಕೋರ್ಯಾರು ನಮಗೆ?"

"ಮತ್ತೆ ಹೊರೆಸು?"

"ಹೊರೆಸ್ ಯಾರ್ ಮನೆಯೋನು?" ಎಂದ ರೂಬನ್. ಬಲಗಣ್ಣಿನಲ್ಲಿ ನೀರು ಬಂದಿತ್ತು, ಏಟು ಬಿದ್ದ ಕಡೆಯ ಕಣ್ಣು ಸುಮ್ಮನಿತ್ತು. "ಮುಗಿಸು. ನೊರೆ ಒಣಗ್ತಿದೆ."

ಕ್ಲೆಮ್ ಮುಗಿಸಿದ. ತಣ್ಣೀರಿನ ಬಟ್ಟೆಯಿಂದ ಮುಖ ಒರೆಸಿದ. ತಪ್ಪು ಒಪ್ಪಿಕೊಂಡರೆ ಎದೆ ಹಗುರವಾಗುತ್ತದೆ ಎಂದು ಪ್ರಾರ್ಥನಾಮಂದಿರದಲ್ಲಿ ಕೇಳಿದ್ದ. ಇಲ್ಲಿ ಒಪ್ಪಿಕೊಂಡದ್ದೇ ಇನ್ನೊಂದು ಭಾರವಾಗಿ ಕೂತಿತು. ಇಷ್ಟು ದಿನ ತಾನೊಬ್ಬನೇ ಬಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದ, ಇವನೂ ಬಚ್ಚಿಟ್ಟುಕೊಂಡು ವಾರಕ್ಕೆರಡು ಸಲ ತನ್ನ ಕತ್ತಿಗೆ ಗಂಟಲು ಒಡ್ಡುತ್ತಿದ್ದ. ಏಡಾ ಒಳಗೆ ಬಂದು ಗಂಡನ ಗಲ್ಲ ಸವರಿ ನೋಡಿ, "ರೇಷ್ಮೆ ಮಾಡಿದೀಯಲ್ಲೋ ತಮ್ಮಾ" ಎಂದಳು. ತಾನೂ ಬರುತ್ತೇನೆಂದು ಹೊರಟಳು. ಪಕ್ಕದ ಮನೆಯ ಮುದುಕಿಯನ್ನು ರೂಬನ್‌ನ ಹತ್ತಿರ ಕೂರಿಸಿ, ಚರ್ಚಿಗೆ ಹಾಕುವ ಹ್ಯಾಟು ಹಾಕಿಕೊಂಡಳು.

ಕಮಿಟಿ ಕೂತಿದ್ದು ಗಣಿಯವರ ಸಭಾಂಗಣದಲ್ಲಿ. ಉದ್ದ ಮೇಜಿನ ಹಿಂದೆ ಐದು ಜನ: ಮ್ಯಾನೇಜರರು, ಡಾಕ್ಟರು, ಪಾದ್ರಿ, ಬ್ಯಾಂಕಿನವರು, ಕೊನೆಯಲ್ಲಿ ಕಾಲೇಜಿನ ಪಟ್ಟೆ ಕೋಟಿನ ಫೆನ್‌ವಿಕ್ ಸಾಹೇಬರು. ಕ್ಯಾಪ್ಟನ್ ಆಗಿದ್ದವರು ಹೀಗೆ ವಿಚಾರಣೆ ಮಾಡುವವರ ಸಾಲಿನಲ್ಲಿ ಕೂತದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ. ಅಂಥವರು ಮೈದಾನಕ್ಕೆ ಇಳಿಯುವ ಬಾಗಿಲೂ ಬೇರೆ, ಕೂರುವ ಬೆಂಚೂ ಬೇರೆ. ಬೆಂಚುಗಳ ತುಂಬ ಊರಿನ ಗಂಡಸರು, ಹಿಂದೆ ಚಹಾದ ಮೇಜಿನ ಹತ್ತಿರ ಏಡಾ. ಹೊರೆಸ್ ನಡುವೆ ನಿಂತಿದ್ದ, ತಂದೆಯ ಕೋಟು ಹಾಕಿಕೊಂಡು. ಭುಜದಲ್ಲಿ ಬಿಗಿ, ತೋಳು ಗಿಡ್ಡ. ಆ ಗಿಡ್ಡ ತೋಳಿನಿಂದ ಮಣಿಕಟ್ಟುಗಳು ಇಳಿಬಿದ್ದಿದ್ದವು.

"ಲೆಗ್ ಸೈಡಿಗೆ ಬೌಲ್ ಮಾಡು ಅಂದದ್ದು ನಿಜ" ಎಂದರು ಫೆನ್‌ವಿಕ್ ಸಾಹೇಬರು, ಉಗುರು ನೋಡಿಕೊಳ್ಳುತ್ತ. "ಆದರೆ ಹಬ್ಬದ ಪಂದ್ಯ ಅನ್ನೋ ವಿವೇಚನೆ ಇವನಿಗಿರುತ್ತೆ ಅಂದುಕೊಂಡಿದ್ದೆ. ಇಂಥವರಿಗೆ ಎಲ್ಲಿ ನಿಲ್ಲಿಸಬೇಕು ಗೊತ್ತಾಗಲ್ಲ."

"ಬೆಕ್ಸನ್, ಏನಾದರೂ ಹೇಳೋದಿದೆಯಾ?" ಎಂದರು ಮ್ಯಾನೇಜರರು.

ಹೊರೆಸ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಬಾಲ್ ನಂದೇ ಸಾರ್. ಮೊದಲ ಎರಡು ಹೆದರಿಸೋಕೆ ಹಾಕಿದ್ದು. ಜನ ನಗ್ತಿದ್ರು, ಖುಷಿ ಆಯ್ತು, ಸುಳ್ಳು ಹೇಳಲ್ಲ. ಮೂರನೇದು..." ಬೆಂಚಿನ ಮೇಲೆ ಯಾರೋ ಕೆಮ್ಮಿದರು. "ಮೂರನೇದು ಅವನಿಗೆ ಬಡೀಲಿ ಅಂತಲೇ ಹಾಕಿದ್ನೋ ಇಲ್ವೋ, ನನಗೇ ಗೊತ್ತಿಲ್ಲ ಸಾರ್. ದಿನಾ ಕೇಳ್ಕೋತೀನಿ. ಗೊತ್ತಾಗ್ತಿಲ್ಲ."

ಹಾಗೆ ಹೇಳಬಾರದಿತ್ತು. ಬುದ್ಧಿಯಿರುವ ಯಾರೂ ಹಾಗೆ ಹೇಳುವುದಿಲ್ಲ. ಮೇಜಿನ ಹಿಂದಿನವರು ಮುಖ ಮುಖ ನೋಡಿಕೊಂಡರು, ಅವರಿಗೆ ಬೇಕಾದದ್ದು ಸಿಕ್ಕಿತ್ತು. ಕ್ಲೆಮ್‌ಗೆ ಈ ಹುಡುಗನ ಮೇಲೆ ಸಿಟ್ಟು ಬಂತು. ಬೇಕು ಅಂತ ಮಾಡಲಿಲ್ಲ ಎಂದು ಅವನು ಹೇಳಿಬಿಟ್ಟಿದ್ದರೆ ತಾನು ಸುಮ್ಮನೆ ಕೂತಿರಬಹುದಿತ್ತು, ಏಡಾಳ ಕಡೆ ನೋಡದೆ, ಗೊತ್ತಿಲ್ಲ ಸಾರ್, ಸರಿಯಾಗಿ ಕಾಣಲಿಲ್ಲ ಸಾರ್ ಎಂದು ಮನೆಗೆ ಹೋಗಬಹುದಿತ್ತು. ತನ್ನ ಹೆಸರು ಕರೆದರು. ಎದ್ದು ನಿಂತ. ನೀನು ಎಲ್ಲರಿಗಿಂತ ಹತ್ತಿರ ಇದ್ದೆ, ಬೆಕ್ಸನ್ ಮನುಷ್ಯನ ಮೇಲೆ ಗುರಿಯಿಟ್ಟನೇ ಎಂದು ಕೇಳಿದರು. ಹೊರೆಸ್ ತಿರುಗಿ ನೋಡಿದ. ಉತ್ತರ ಇವನಿಗೆ ಗೊತ್ತಿರಬಹುದು, ಇವನಾದರೂ ತನಗೆ ಹೇಳಿಯಾನು ಎಂಬಂತೆ ಬೇಡುತ್ತಿದ್ದ ಆ ಮುಖ ನೋಡಿ ಕ್ಲೆಮ್‌ಗೆ ನಿಜವಾಗಿಯೂ ತಡೆಯಲಾಗಲಿಲ್ಲ.

"ಆ ಬಾಲ್ ತಲೆಗೆ ಬರ್ತಿರಲಿಲ್ಲ ಸಾರ್. ಸೊಂಟಕ್ಕೆ ಬರ್ತಿತ್ತು. ರೂಬನ್ ಬಗ್ಗಿದ. ನಾನು ಬಗ್ಗು ಅಂದೆ, ಅವನು ಬಗ್ಗಿದ."

"ಏನಂದೆ?"

"ಬಗ್ಗು ಅಂದೆ ಸಾರ್. ಕೆಳಗೆ ದಾರೀಲಿ ಅಂತೀವಲ್ಲ, ಹಾಗೆ."

ಫೆನ್‌ವಿಕ್ ಸಾಹೇಬರು ಮುಗುಳ್ನಕ್ಕರು. "ಎದುರು ಪಕ್ಷದ ಫೀಲ್ಡರ್ ಹೇಳಿದ ಅಂತ ಬ್ಯಾಟ್ಸ್‌ಮನ್ ಬಗ್ತಾನಾ? ಇದೊಳ್ಳೆ ಕತೆ ಆಯಿತಲ್ಲ."

ಪಾದ್ರಿಗಳೂ ನಕ್ಕರು, ಮೆಲ್ಲಗೆ. ಹೊರೆಸ್‌ನನ್ನು ಉಳಿಸಲು ಬಡಪಾಯಿ ಏನೋ ಕಟ್ಟಿ ತಂದಿದ್ದಾನೆ ಎಂಬ ಕನಿಕರವಿತ್ತು ಆ ನಗೆಯಲ್ಲಿ. ಮ್ಯಾನೇಜರರು ಮಾತ್ರ ನಗಲಿಲ್ಲ. ಅವರು ವರ್ಷಕ್ಕೊಮ್ಮೆಯಾದರೂ ಕೆಳಗಿಳಿಯುತ್ತಿದ್ದವರು. ಕಾಗದ ಸರಿಸಿ, ಇದು ವಿಷಯಕ್ಕೆ ಸಂಬಂಧಿಸಿದ್ದಲ್ಲ, ಬೆಕ್ಸನ್ ತಾನೇ ಒಪ್ಪಿಕೊಂಡಿದ್ದಾನೆ, ಜಿಲ್ಲೆಯವರಿಗೆ ಕ್ಲಬ್ ಅವನ ಪರವಾಗಿ ಏನೂ ಹೇಳುವುದಿಲ್ಲ ಎಂದರು. ಆದರೆ ಬೆಂಚುಗಳ ಕಡೆ ಯಾರೂ ನಕ್ಕಿರಲಿಲ್ಲ, ಯಾರೂ ಏನು ಎಂದು ಕೇಳಿರಲಿಲ್ಲ. ಅಷ್ಟೂ ಜನಕ್ಕೆ ಒಂದೇ ಕ್ಷಣಕ್ಕೆ ಅರ್ಥವಾಗಿತ್ತು. ಕ್ಲೆಮ್‌ನನ್ನು ನೋಡಬಾರದೆಂದು ಎಲ್ಲರೂ ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಅವನು ತಿರುಗಿದಾಗ ಚಹಾದ ಮೇಜಿನ ಹತ್ತಿರ ಯಾರೂ ಇರಲಿಲ್ಲ. ಅಕ್ಕ ತಮ್ಮ ಇಬ್ಬರ ಅಪ್ಪನೂ ಗಣಿಯವನೇ ಆಗಿದ್ದ. ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹೊರಗೆ ಗೋಡೆಗೊರಗಿ ಹೊರೆಸ್ ನಿಂತಿದ್ದ. ಕ್ಲೆಮ್ ಅವನ ಮುಂದೆ ಹೋಗಿ ನಿಂತ, ಬೈಯಲಿ ಎಂದು. ಹೊರೆಸ್ ಬೈಯಲಿಲ್ಲ.

"ಇದನ್ನ ಅವತ್ತೇ ಹೇಳಬಹುದಿತ್ತಲ್ಲ ಕ್ಲೆಮ್."

"ಆಗಲಿಲ್ಲ ಕಣಪ್ಪ."

"ಇವರು ಕಳಿಸ್ತಾರೋ ಬಿಡ್ತಾರೋ, ಅದಿರಲಿ. ನಿನ್ನೆ ಆ ಬೇಲಿ ಹತ್ರ ಹೋಗಿ ಒಂದು ಬಾಲ್ ಹಾಕಿ ನೋಡೋಣ ಅಂತ ಓಡಿದೆ. ಕೈ ಮೇಲೆ ಏಳಲಿಲ್ಲ. ಎದುರಿಗೆ ಯಾರೂ ಇರಲಿಲ್ಲ, ಗೊತ್ತಾ? ಬರೀ ಬೇಲಿ." ಅವನು ಟೋಪಿ ಹಾಕಿಕೊಂಡ. "ಹೇಗಿದ್ದೀಯ ಅಂತ ನಾನು ಕೇಳಿದೆ ಅಂತ ರೂಬನ್‌ಗೆ ಹೇಳು. ಬೇಡ, ಏನೂ ಹೇಳ್ಬೇಡ."

ಅವನು ಗಣಿಯ ಕಡೆಯ ಬೀದಿಯಲ್ಲಿ ಹೋದ. ಅಷ್ಟು ಚೆಂದದ ಓಟದವನು, ಚೆಂಡು ಹಿಡಿದು ಬರುತ್ತಿದ್ದರೆ ನೆಲಕ್ಕೆ ಕಾಲು ತಾಗುವುದು ಕೇಳಿಸದಂಥವನು, ಈಗ ಅಪ್ಪನ ಕೋಟಿನಲ್ಲಿ ಪಾಳಿ ಮುಗಿಸಿ ಬಂದ ಮುದುಕನ ಹಾಗೆ ನಡೆದ. ಕ್ಲೆಮ್ ಬೇಕೆಂದೇ ಸುತ್ತು ದಾರಿ ಹಿಡಿದ. ಕಾಲುವೆಯ ದಡದಲ್ಲಿ ಸ್ವಲ್ಪ ಹೊತ್ತು ನಿಂತ. ತನ್ನ ಬಟ್ಟೆಗಂಟು ಬಾಗಿಲ ಹೊರಗೆ ಬಿದ್ದಿರುತ್ತದೆ ಎಂದೇ ಎಣಿಸಿದ್ದ. ಒಂದು ರೀತಿಯಲ್ಲಿ ಹಾಗಾಗಲಿ ಎಂದು ಆಸೆಯೂ ಇತ್ತು. ಯಾವ ಮನೆಯಲ್ಲಿ ಬಾಡಿಗೆ ಕೋಣೆ ಸಿಗಬಹುದು, ಕೂಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಏಡಾಳಿಗೆ ಹೇಗೆ ತಲುಪಿಸುವುದು, ಅವಳು ಅದನ್ನು ಮುಖದ ಮೇಲೆ ಎಸೆದರೆ ಯಾರ ಕೈಯಲ್ಲಿ ಕಳಿಸುವುದು, ಇದನ್ನೆಲ್ಲ ಯೋಚಿಸುತ್ತ ಮನೆ ಮುಟ್ಟಿದ.

ಬಾಗಿಲ ಹೊರಗೆ ಏನೂ ಇರಲಿಲ್ಲ. ಒಳಗೆ ದೀಪ ಹಚ್ಚಿರಲಿಲ್ಲ. ರೂಬನ್ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ತಿರುಗಿಸಿದ್ದ. ಏಡಾ ಹ್ಯಾಟನ್ನೂ ತೆಗೆಯದೆ ಮೇಜಿನ ಹತ್ತಿರ ಕೂತಿದ್ದಳು. ಬೆಳಿಗ್ಗೆ ಹೆರೆದಿಟ್ಟ ಆಲೂಗಡ್ಡೆ ನೀರಿನಲ್ಲಿ ಹಾಗೇ ಇತ್ತು.

"ಯಾಕೆ ಕೂಗಿದೆ?" ಎಂದಳು.

"ಏಟು ಬೀಳುತ್ತೆ ಅಂತ."

"ನಂಗೊತ್ತು. ನಿನ್ನನ್ನ ಮನೆಯಿಂದ ಆಚೆಗೆ ಹಾಕೋಣ ಅಂತಲೇ ಓಡಿ ಬಂದೆ. ನಿನ್ನ ಕೋಣೆಗೂ ಹೋದೆ. ಹಾಸಿಗೆ ಮೇಲೆ ಕೂತ್ಕೊಂಡೆ. ಏನು ಅಂತ ಬೈಯಲಿ ನಿನಗೆ? ನಾನು ಅಲ್ಲಿದ್ದಿದ್ರೆ ನಾನೂ ಕೂಗ್ತಿದ್ದೆ."

"ಏಡಾ..."

"ಸುಮ್ನಿರು. ಆ ಬೆಕ್ಸನ್ ಹುಡುಗನ್ನ ಶಪಿಸಿ ಶಪಿಸಿ ಇಷ್ಟು ದಿನ ದೂಡ್ದೆ ಕಣೋ. ಬೆಳಿಗ್ಗೆ ಕಣ್ಣು ಬಿಟ್ರೆ ಇವರ ಕೈ ನೋಡ್ತಿದ್ದೆ, ಅವನ ಹೆಸರು ಹೇಳ್ತಿದ್ದೆ, ಎದ್ದು ಒಲೆ ಹಚ್ತಿದ್ದೆ. ಅದೊಂದು ಇತ್ತು ನಂಗೆ." ಅವಳ ದನಿ ಏರಲಿಲ್ಲ. ಅವಳು ಅವನನ್ನು ಬೈಯುತ್ತಲೂ ಇರಲಿಲ್ಲ, ನಿಜವಾಗಿ ಕೇಳುತ್ತಿದ್ದಳು, ಅಕ್ಕನಾದರೂ ಚಿಕ್ಕಂದಿನಲ್ಲಿ ಶಾಲೆಯ ಲೆಕ್ಕ ಬಿಡಿಸಲಾಗದೆ ಅವನ ಹತ್ತಿರ ಬಂದು ಕೇಳುತ್ತಿದ್ದ ಹಾಗೆ. "ಈಗ ನಾಳೆ ಬೆಳಿಗ್ಗೆ ನಾನು ಹೇಗೆ ಏಳಲಿ, ಹೇಳು."

ಕ್ಲೆಮ್ ಬಾಗಿಲಲ್ಲೇ ನಿಂತಿದ್ದ. ಏಡಾ ತಮ್ಮನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದು ಕೂತಳು.